ಮುಚ್ಚಳ ತೆಗೆಯದೆ ಕಂಡ ಉಂಗುರ

ಇನ್ನೂ ಬೆಳಕು ಹರಿದಿಲ್ಲ. ಕನ್ನಡಕದಂಗಡಿಯ ತಾರಸಿಯಲ್ಲಿ, ಬಟ್ಟೆ ಒಣಗಿಸುವ ತಂತಿಯ ಕೆಳಗೆ ಬಗ್ಗಿಕೊಂಡು ಒಬ್ಬ ಹೆಂಗಸು ಟೆಲಿಸ್ಕೋಪಿಗೆ ಒಂದೊಂದೇ ಐಪೀಸ್ ಹಾಕಿ ತೆಗೆಯುತ್ತಿದ್ದಾರೆ. ಕಣ್ಣಿಟ್ಟು ನೋಡುವ ಆ ಪುಟ್ಟ ಗಾಜಿನ ಕೊಳವೆಗಳು ಅವರ ಹಳೆಯ ಟಿಫಿನ್ ಡಬ್ಬಿಯ ತುಂಬ ಇವೆ. ಪಕ್ಕದ ಸ್ಟೂಲಿನ ಮೇಲೆ ಅವರ ಅಕ್ಕ, ಮುಖ ಗಂಟಿಕ್ಕಿಕೊಂಡು ಕೂತಿದ್ದಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಒಂದು ಪಕ್ಕಕ್ಕೆ ನಿಂತಿದ್ದೇನೆ.

ಹಗಲು ತಂಗಿ ಕೆಳಗಿನ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುತ್ತಾರೆ. ಊರಿನ ನಕ್ಷತ್ರದ ಹುಚ್ಚಿನವರೆಲ್ಲ ಐಪೀಸ್ ಕೊಳ್ಳುವ ಮುನ್ನ ಹುಡುಕಿಕೊಂಡು ಬರುವುದು ಈ 'ಡಬ್ಬಿ ಮೇಡಂ'ರನ್ನೇ.

"ಎಲ್ಲರಿಗೂ ಪವರ್ ಜಾಸ್ತಿ ಬೇಕು, ಎಲ್ಲಾ ದೊಡ್ಡದಾಗಿ ಕಾಣ್ಬೇಕು. ಸೂಜಿಕಣ್ಣಿನಷ್ಟು ತೂತಿಗೆ ರೆಪ್ಪೆ ಒತ್ಕೊಂಡು ನೋಡ್ತಾರೆ. ಆಮೇಲೆ ಕತ್ತುನೋವು, ಟೆಲಿಸ್ಕೋಪು ಅಟ್ಟಕ್ಕೆ. ಕನ್ನಡಕ ಹಾಕ್ಕೊಂಡೇ ಆರಾಮಾಗಿ ನೋಡೋ ಥರದ್ದು ತೋರಿಸಿದ್ರೆ, ಇಷ್ಟು ಅಗ್ಗಾನಾ ಅಂತ ಮೂಗು ಮುರೀತಾರೆ," ಎನ್ನುತ್ತಾರೆ ಅವರು.

ಗಿರಾಕಿಯನ್ನು 'ಕಾಣುತ್ತಾ?' ಎಂದು ಇವರು ಕೇಳುವುದೇ ಇಲ್ಲ. ದಾಕ್ಷಿಣ್ಯಕ್ಕೆ ಎಲ್ಲರೂ ಹೂಂ ಎನ್ನುತ್ತಾರಂತೆ. ಹಿಂದೆ ನಿಂತು ಭುಜ ನೋಡುತ್ತಾರೆ. ಸರಿಯಾಗಿ ಕಾಣದೆ ತಿಣುಕಿ ಭುಜ ಕಿವಿಯ ಕಡೆ ಏರಿದರೆ ಆ ಐಪೀಸ್ ಡಬ್ಬಿಗೆ ವಾಪಸ್. ಆದರೆ ಮನೆಯವಳೇ ಅಲ್ಲವೇ ಎಂದು ಅಕ್ಕನ ಭುಜವನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ.

ಅಕ್ಕನದು ಹೊಲಿಗೆ ಕೆಲಸ, ದಪ್ಪ ಕನ್ನಡಕ. ತಂಗಿ ತೋರಿಸಿದ್ದಕ್ಕೆಲ್ಲ ವರ್ಷಗಟ್ಟಲೆ 'ಆಹಾ' ಎಂದವರು. ಕಳೆದ ವಾರ ಇಬ್ಬನಿ ಬೀಳದಿರಲೆಂದು ಟೆಲಿಸ್ಕೋಪಿನ ಮುಂಬದಿಗೆ ಹಾಕಿದ್ದ ಮುಚ್ಚಳ ತೆಗೆಯಲು ತಂಗಿ ಮರೆತರು. ಅಕ್ಕ ಕಣ್ಣಿಟ್ಟು, "ಶನಿಯ ಉಂಗುರ ಎಷ್ಟು ದೊಡ್ಡದಾಗಿದೆ ಕಣೇ" ಎಂದರು.

ಮುಚ್ಚಳ ಕಂಡು ತಂಗಿಗೆ ಮೊದಲು ನಗು ಬಂತು, ಆಮೇಲೆ ಅಕ್ಕನನ್ನು ಹಿಡಿದು ಕೂರಿಸಿದರು. ಗದರಿಸಿ ಕೇಳಿದಾಗ ಅಕ್ಕ ಬಾಯಿಬಿಟ್ಟರು: "ಯಾವತ್ತೂ ಏನೂ ಕಂಡಿಲ್ಲ, ಬರೀ ಕಪ್ಪು. ಕಣ್ಣೇ ಹೋಗ್ತಿದೆ ಅಂದ್ಕೊಂಡೆ. ನಿಂಗೆ ಗೊತ್ತಾದ್ರೆ ಹೊಲಿಗೆ ಮಷಿನ್ ಮುಟ್ಟೋಕೆ ಬಿಡ್ತಿದ್ಯಾ?"

ಕಣ್ಣಿನ ಡಾಕ್ಟರು ಏನೂ ಆಗಿಲ್ಲ ಎಂದರೂ ಅಕ್ಕ ನಂಬಿಲ್ಲ. ಉಂಗುರ ಕಂಡರೆ ಮಾತ್ರ ನಂಬುತ್ತೇನೆಂದು ಹಟ ಹಿಡಿದಿದ್ದಾರೆ. ಅದಕ್ಕೇ ಈ ಹೊತ್ತಿನಲ್ಲಿ ನಾವು ಮೂವರೂ ತಾರಸಿಯಲ್ಲಿ ಚಳಿಗೆ ನಡುಗುತ್ತಿರುವುದು.

ಒಂದಾದ ಮೇಲೊಂದು ಐಪೀಸ್ ಸೋಲುತ್ತದೆ. ಕನ್ನಡಕ ಅಡ್ಡ ಬರುತ್ತದೆ, ಭುಜ ಏರುತ್ತದೆ. ಕೊನೆಗೆ ಡಬ್ಬಿಯ ತಳದಿಂದ, ಅಗ್ಗವೆಂದು ಯಾರೂ ಕೊಳ್ಳದ ಅಗಲ ಗಾಜಿನದೊಂದು ಹೊರಬರುತ್ತದೆ. ಅಕ್ಕ ಬಗ್ಗುತ್ತಾರೆ. ತಂಗಿ ಹಿಂದೆ ನಿಂತಿದ್ದಾರೆ. ನಾನೂ ಅಕ್ಕನ ಭುಜವನ್ನೇ ನೋಡುತ್ತಿದ್ದೇನೆ.

ಭುಜಗಳು ಮೆಲ್ಲಗೆ ಇಳಿಯುತ್ತವೆ.

"ಇಷ್ಟೇ ಇಷ್ಟಾ?" ಎನ್ನುತ್ತಾರೆ ಅಕ್ಕ. "ಶರ್ಟಿನ ಗುಂಡಿಗಿಂತ ಚಿಕ್ಕದು."

ತಂಗಿ ನನ್ನ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. "ಕಂಡಿದೆ ಬಿಡಿ," ಎನ್ನುತ್ತಾರೆ. "ಕಾಣದೇ ಇದ್ದಾಗೆಲ್ಲ ದೊಡ್ಡದು ಅಂತಿದ್ಲು."