ಹಸಿರು ಸಿಗ್ನಲ್ಲಿನ್ಯಾಗ ಒಂದು ಆಮೆನ್

ನಾಚಾರಂದಾಗ ನಾ ದುಡಿಯೋ ಫ್ಯಾಕ್ಟರಿ ಮುಚ್ಚಿ ನಾಕು ತಿಂಗಳಾಗಿತ್ತು ನೋಡ್ರಿ. ಕೆಲಸ ಸಿಕ್ತೇನಂತ ಎಲ್ಲಾರೂ ಕೇಳ್ತಾರಂತ ಚರ್ಚಿಗೆ ಹೋಗೋದನ್ನೂ ಬಿಟ್ಟಿದ್ದೆ. ಪ್ರಾರ್ಥನಿ ಅಂತೂ ಬಾಯಿಗೇ ಬರ್ತಿರಲಿಲ್ಲ.

ಅವತ್ತು ಬೇಗಂಪೇಟೆಗೆ ಆಟೋದಾಗ ಹೊಂಟಿದ್ದೆ. ಕನ್ನಡಿಗೆ ಶಿಲುಬಿ ತೂಗಾಕತ್ತಿತ್ತು. "ಇಂಟರ್‌ವ್ಯೂ ಐತಿ, ಜಲ್ದಿ ನಡೀರಿ" ಅಂತ ತೆಲುಗಿನ್ಯಾಗ ಅಂದಿದ್ದಷ್ಟ. ಕೆಂಪು ಸಿಗ್ನಲ್ ಬಿದ್ದದ್ದೇ ತಡ, ಡ್ರೈವರ್ ನನ್ನ ಹೆಸರು ಕೇಳಿ, ಕಣ್ಣು ಮುಚ್ಚಿ, ನನ್ನ ಸಲುವಾಗಿ ಜೋರಾಗಿ ಪ್ರಾರ್ಥನಿ ಶುರು ಮಾಡೇಬಿಟ್ಟ! ಮುಗಿಯೂದ್ರಾಗ ಹಸಿರು ಬಂತು. ಆಟೋ ಮಾತ್ರ ಹೊಂಡಲಿಲ್ಲ.

"ಆಮೆನ್ ಚೆಪ್ಪಂಡಿ ಅಣ್ಣಾ" ಅಂದ. ನಾ ಆಮೆನ್ ಅನ್ನದ ಪ್ರಾರ್ಥನಿ ಪೂರಾ ಆಗಂಗಿಲ್ಲಂತ!

ನಾ ವಾಚ್ ತೋರಿಸಿ, ನಡೀರಿ ಅಂದೆ. ಹಿಂದ ಹಾರ್ನಿನ ಗದ್ದಲ. ಬಾಜೂಕ ಸ್ಕೂಟರ್ ಮ್ಯಾಲಿದ್ದ ಸಾಹೇಬ್ರು ತಾಳಲಾರದ, "ಅರೇ ಭಾಯ್, ಬೋಲ್ ದೋ ನಾ!" ಅಂತ ಒದರಿದ್ರು. ಆಟೋ ನಡುಗೂಹಂಗ ಕೂಗಿದೆ, "ಆಮೆನ್!" ಸಾಹೇಬ್ರೂ ಕೂಗಿದ್ರು, ಹಾರ್ನ್ ಹೊಡಿಯೋರೂ ಕೂಗಿದ್ರು!

ಆ ಕೆಲಸ ಸಿಗಲಿಲ್ಲ, ಮುಂದ ಬ್ಯಾರೆದು ಸಿಕ್ತು. ಆದ್ರ ಆ ಐತವಾರ ಚರ್ಚಿಗೆ ಹೋದೆ. ಅಷ್ಟು ಮನಸಾರೆ ಆಮೆನ್ ಅನ್ನೋ ಸಭೆ ಅಲ್ಲೂ ಇರಲಿಲ್ಲ ಬಿಡ್ರಿ. ಅಲ್ಲಿ ಯಾರಿಗೂ ಆಫೀಸಿಗೆ ತಡ ಆಗಿರಲಿಲ್ಲ.