ಹಬ್ಬದ ಬಣ್ಣ, ಮನಸ್ಸಿನ ಬಣ್ಣ

ನಮ್ಮ ಚರ್ಚಿನ ಬಲಿಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಕೆಲಸ ಹತ್ತೊಂಬತ್ತು ವರ್ಷಗಳಿಂದ ನನ್ನದು. ಉಳಿದವರಿಗೆ ವರ್ಷವೆಂದರೆ ಜನವರಿಯಿಂದ ಡಿಸೆಂಬರ್. ನನಗೆ ಅದು ಬಂಗೂರನಗರದ ನಮ್ಮ ಮನೆಯ ಟ್ರಂಕಿನಲ್ಲಿ ಮಡಿಸಿಟ್ಟ ನಾಲ್ಕು ಬಣ್ಣ. ಕ್ರಿಸ್ತನ ಹುಟ್ಟಿಗಾಗಿ ಕಾಯುವ ಆಗಮನ ಕಾಲಕ್ಕೂ, ಉಪವಾಸದ ನಲವತ್ತು ದಿನಗಳ ತಪಸ್ಸು ಕಾಲಕ್ಕೂ ನೇರಳೆ. ಕ್ರಿಸ್ಮಸ್ಸಿಗೂ, ಅವನು ಸಾವನ್ನು ಗೆದ್ದೆದ್ದ ಪಾಸ್ಖ ಹಬ್ಬಕ್ಕೂ ಬಿಳಿ. ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ದಿನ ಕೆಂಪು. ಹೆಸರು ಹೇಳಿಕೊಳ್ಳುವಂಥ ಹಬ್ಬವಿಲ್ಲದ ಉದ್ದನೆಯ ಸಾಧಾರಣ ಕಾಲಕ್ಕೆ ಹಸಿರು. ಆ ಹಸಿರಿನ ದಿನಗಳಲ್ಲೇ ನಮ್ಮ ದಾಂಡೇಲಿಯ ಮಳೆ ಹಿಡಿದುಕೊಳ್ಳುವುದರಿಂದ ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ, ನಾನು ಅದನ್ನು ಒಲೆಯ ಪಕ್ಕ ಹರವಿ ಕಾಯುತ್ತಾ ಕೂರುವುದೂ ಒಂದು ಪ್ರಾರ್ಥನೆಯೇ ಎಂದು ನನ್ನ ಗಂಡ ಇನಾಸ್ ತಮಾಷೆ ಮಾಡುತ್ತಿದ್ದರು.

ಬಣ್ಣ ಬದಲಾದಂತೆ ಮನಸ್ಸೂ ಬದಲಾಗುತ್ತದೆಂದು ನಾನು ನಂಬಿದ್ದೆ. ನೇರಳೆ ಹಾಸಿದರೆ ಪಶ್ಚಾತ್ತಾಪ, ಬಿಳಿ ಹಾಸಿದರೆ ಸಂತೋಷ. ಯಾರೋ ಹಿರಿಯರು ನಮ್ಮ ಪರವಾಗಿ ಎಲ್ಲವನ್ನೂ ಮೊದಲೇ ಯೋಚಿಸಿ ಇಟ್ಟಿದ್ದಾರೆ, ನಾವು ಹಿಂದೆ ಹಿಂದೆ ನಡೆದರಾಯಿತು. ಆದರೆ ಇನಾಸ್ ಹೋದದ್ದು ಪಾಸ್ಖ ಹಬ್ಬದ ಮರುದಿನ. ಸೋಮವಾರ ಬೆಳಿಗ್ಗೆ ಜೋಯಿಡಾದ ತಂಗಿಗೆ ಹಬ್ಬದ ತಿಂಡಿ ಕೊಟ್ಟು ಬರುತ್ತೇನೆಂದು ಸ್ಕೂಟರ್ ಹತ್ತಿದವರು ಕುಳಗಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಬಂದ ಟೆಂಪೋಕ್ಕೆ ಸಿಕ್ಕಿದರು. ಮಂಗಳವಾರ ಅವರ ಪೆಟ್ಟಿಗೆಯನ್ನು ಇಳಿಸಿದ್ದು ಶನಿವಾರ ನಾನೇ ಹಾಸಿದ್ದ ಬಿಳಿ ಬಟ್ಟೆಯ ಮುಂದೆ. ಹಬ್ಬದ ಹೂವು ಬಾಡಿರಲಿಲ್ಲ. ಗಾಯಕರು ಹರ್ಷದ ಅಲ್ಲೆಲೂಯ ಹಾಡಿದರು, ಏಕೆಂದರೆ ಆ ವಾರವೆಲ್ಲ ಅದನ್ನೇ ಹಾಡಬೇಕು.

ಅಂದಿನಿಂದ ನನ್ನ ಲೆಕ್ಕ ತಪ್ಪಿತು. ಪಾಸ್ಖ ಚಂದ್ರನ ಜೊತೆ ಹಿಂದೆಮುಂದೆ ಸರಿಯುವ ಹಬ್ಬ, ಸಾವಿನ ತಾರೀಖು ಸರಿಯುವುದಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಅವರ ದಿನ ಬರುತ್ತದೆ, ಯಾವುದಕ್ಕೆ ಅಳಬೇಕೆಂದು ತಿಳಿಯದೆ ಎರಡಕ್ಕೂ ಅಳದೆ ಕೂತಿದ್ದೇನೆ. ಅವರು ಹೋದ ಮರುವರ್ಷದ ತಪಸ್ಸು ಕಾಲದಲ್ಲಿ, ಎಲ್ಲರೂ ಮುಖ ಸಣ್ಣಗೆ ಮಾಡಿಕೊಂಡು ಯೇಸುವಿನ ಯಾತನೆ ನೆನೆಯುತ್ತಾ ಶಿಲುಬೆ ಹಾದಿ ನಡೆಯುವಾಗ, ಹಳಿಯಾಳದಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿ, ನಾನು ನೇರಳೆ ಬಟ್ಟೆಗೆ ಇಸ್ತ್ರಿ ಮಾಡುತ್ತಾ ಹಾಡಿಕೊಂಡದ್ದು ನನಗೇ ಕೇಳಿಸಿ ಬಾಯಿ ಮುಚ್ಚಿಕೊಂಡೆ. ನೀವೇ ಹೇಳಿ, ಲೆಕ್ಕ ತಪ್ಪಿದ್ದು ಹಬ್ಬದ್ದೋ, ನನ್ನದೋ?

ಈ ವರ್ಷ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ, ಫಾದರ್ ಹಣೆಗಿಟ್ಟ ಬೂದಿಯ ಸಮೇತ ನಾನು ಮನೆಗೆ ಬಂದಾಗ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಗಂಗವ್ವ, ಹಳೇ ದಾಂಡೇಲಿಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಆ ಟೆಂಪೋ ಓಡಿಸುತ್ತಿದ್ದ ಈರಪ್ಪನ ಹೆಂಡತಿ. ಅವಳು ನನ್ನ ಹಣೆ ನೋಡಿ ಎದ್ದು ನಿಂತಳು.

“ನಿಮ್ಮಾಗೂ ವಿಭೂತಿ ಹಚ್ಚತಾರೇನ್ರೀ ಬಾಯಾರ?”

“ವರ್ಷಕ್ಕ ಒಂದ ಸಲ. ನಾವು ಮಣ್ಣು ಅನ್ನೂದು ಮರೀಬಾರ್ದಂತ.”

“ನಮ್ಮ ಮನ್ಯಾಗ ದಿನಾ ಹಚ್ಚತೇವ್ರಿ. ಆದ್ರೂ ಮರೀತೇವಿ,” ಎಂದು ತನ್ನ ಹಣೆ ಮುಟ್ಟಿಕೊಂಡಳು. ಆಮೇಲೆ ಬಂದ ಕಾರಣ ಹೇಳಿದಳು. ಸಾಕ್ಷಿಯಿಲ್ಲದೆ ಕೇಸು ಬಿದ್ದುಹೋಗಿದ್ದರೂ ಈರಪ್ಪ ಮತ್ತೆ ಗಾಡಿ ಮುಟ್ಟಿಲ್ಲ, ಹೊಸ್ತಿಲು ದಾಟುವುದೇ ಅಪರೂಪ. “ಎರಡು ವರ್ಷ ಆಗಾಕ ಬಂತ್ರಿ. ನಾನು ಹೇಳಿದ್ರ ಕೇಳೂದಿಲ್ಲ, ಸ್ವಾಮಿಗೋಳು ಹೇಳಿದ್ರೂ ಕೇಳೂದಿಲ್ಲ. ನೀವೊಮ್ಮೆ ಬಂದು ಒಂದ ಮಾತು ಆಡ್ರಿ.”

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ, ಅಷ್ಟೆ.

ನಲವತ್ತು ದಿನ ಇಟ್ಟಿರುವುದು ಇಂಥದ್ದಕ್ಕೇ ಇರಬೇಕು. ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಎಂದು ಪ್ರಾರ್ಥನೆಯಲ್ಲಿ ದಿನಕ್ಕೆರಡು ಸಲ ಹೇಳುವವಳು, ಆ ಸಾಲು ಬಂದಾಗಲೆಲ್ಲ ಕೆಮ್ಮತೊಡಗಿದೆ. ಕೊನೆಗೆ ಪಾಪನಿವೇದನೆಯಲ್ಲಿ ಕೇಳಿಬಿಟ್ಟೆ: “ಫಾದರ್, ಮನಸ್ಸು ಒಪ್ಪದಿದ್ರ ಕ್ಷಮಾ ಮಾಡಿದಂಗ ಆಗ್ತೈತೇನ್ರಿ?”

“ಸದ್ಯಕ್ಕ ಕಾಲು ಒಪ್ಪಿದ್ರ ಸಾಕ್ರಿ ಲೂಸಿಬಾಯಿ. ಹೋಗಿ ಬರ್ರಿ.”

ಕಾಲು ಒಪ್ಪಿದ್ದು ಪವಿತ್ರ ಶನಿವಾರ. ಆ ದಿನದ ಬಗ್ಗೆ ನಿಮಗೆ ಹೇಳಬೇಕು. ಶುಕ್ರವಾರ ಯೇಸು ಸತ್ತಾಗಿದೆ, ಭಾನುವಾರ ಏಳಬೇಕು. ನಡುವಿನ ಶನಿವಾರ ಹಗಲು ಚರ್ಚಿಗೂ ಏನು ಮಾಡಬೇಕೆಂದು ಗೊತ್ತಿಲ್ಲ. ಪೂಜೆಯಿಲ್ಲ, ಗಂಟೆಯಿಲ್ಲ, ಬಲಿಪೀಠದ ಮೇಲೆ ಬಟ್ಟೆಯೂ ಇಲ್ಲ, ಬರೀ ಕಲ್ಲು. ವರ್ಷದ ಎಲ್ಲ ದಿನಗಳಲ್ಲಿ ನನ್ನ ಈಗಿನ ಸ್ಥಿತಿಗೆ ಹೊಂದುವ ದಿನ ಅದೊಂದೇ. ಸಂಜೆಗೆ ಹಾಸಬೇಕಾದ ಬಿಳಿ ಬಟ್ಟೆಯನ್ನು ಇಸ್ತ್ರಿ ಮಾಡಿಟ್ಟು ನಾನು ಹಳೇ ದಾಂಡೇಲಿಗೆ ನಡೆದೆ.

ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದೆ. ‘ನಿನ್ನನ್ನು ಕ್ಷಮಿಸಿದ್ದೇನೆ’ ಎನ್ನುವುದು ಚರ್ಚಿನಲ್ಲಿ ಸರಿ. ನಮ್ಮ ಓಣಿಗಳಲ್ಲಿ ಹಾಗೆ ಯಾರು ಮಾತಾಡುತ್ತಾರೆ? ನನ್ನ ಮನಸಿನ್ಯಾಗ ಏನೂ ಇಲ್ಲಪಾ ಎನ್ನೋಣವೆಂದರೆ ಅದು ಸುಳ್ಳಾಗುತ್ತಿತ್ತು.

ಈರಪ್ಪ ಶೇಂಗಾ ಸುಲಿಯುತ್ತಾ ಕೂತಿದ್ದ. ನನ್ನನ್ನು ಕಂಡು ಬುಟ್ಟಿ ಬದಿಗಿಟ್ಟು ಗೋಡೆಗೆ ಒತ್ತಿ ನಿಂತ. ನಾನು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ.

“ಬಾಯಾರ, ಮಂಗ್ಯಾನ ಮರಿ ಅಡ್ಡ ಬಂತ್ರಿ. ನಿಮ್ಮ ಯಜಮಾನ್ರು ಅದನ್ನ ಉಳಸಾಕ ಹೋಗಿ ಗಾಡಿ ನನ್ನ ಕಡೆ ತಿರುವಿದ್ರು. ನಾ ಬ್ರೇಕ್ ಹಾಕಿದೆ, ನಿಲ್ಲಲಿಲ್ಲ. ಪೊಲೀಸರಿಗೆ ಹೇಳಿದೆ, ತಪ್ಪಿಸ್ಕೊಳ್ಳಾಕ ಕತೀ ಕಟ್ಟತಾನಂದ್ರು.”

ನಾನು ಕೂತುಬಿಟ್ಟೆ. ಕ್ಷಮೆ ಕೊಡಲು ಬಂದವಳ ಕೈಯಿಂದ ಅದನ್ನೇ ಕಿತ್ತುಕೊಂಡಂತಾಯಿತು. ಮಂಗನ ಮರಿಗಾಗಿ ಇನಾಸ್? ಹಿತ್ತಲ ಪೇರಲ ಗಿಡಕ್ಕೆ ಬರುವ ಮಂಗಗಳನ್ನು ದಿನವೂ ಕವಣೆ ಹಿಡಿದು ಬೈದು ಓಡಿಸುತ್ತಿದ್ದವರು ಅವರು. ಹಾಗೆಯೇ, ಗಟಾರಕ್ಕೆ ಬಿದ್ದ ನಾಯಿಮರಿಯನ್ನು ಹಬ್ಬದ ಅಂಗಿಯಲ್ಲಿ ಸುತ್ತಿ ತಂದವರೂ ಅವರೇ. ಮೂವತ್ತೊಂದು ವರ್ಷ ಜೊತೆಗಿದ್ದವರು ಆ ಒಂದು ಗಳಿಗೆಯಲ್ಲಿ ಯಾವ ಕಡೆ ಹ್ಯಾಂಡಲ್ ತಿರುಗಿಸುತ್ತಿದ್ದರೆಂದು ಹೇಳಲು ನನಗೆ ಆಗಲಿಲ್ಲ.

“ಖರೇ ಹೇಳು ಈರಪ್ಪಾ. ಮರಿ ಇತ್ತೇನು?”

ಅವನು ತನ್ನ ಅಂಗೈ ನೋಡಿಕೊಂಡ. “ಮೊದಲ ಖಾತ್ರಿ ಇತ್ರಿ. ದಿನಾ ಅದನ್ನ ನೆನಸಿ ನೆನಸಿ, ಈಗ ಒಂದೊಂದ್ಸಲ ಮರಿ ಕಾಣ್ತೈತಿ, ಒಂದೊಂದ್ಸಲ ಬರೇ ರಸ್ತಾ ಕಾಣ್ತೈತಿ. ನಾನ ಹುಟ್ಟಿಸಿಕೊಂಡಿನೋ ಏನೋ, ತಿಳೀವಲ್ದು.”

ಅವನು ಮರಿ ಇತ್ತೆಂದೇ ಹಟ ಹಿಡಿದಿದ್ದರೆ ನಾನು ನಂಬುತ್ತಿರಲಿಲ್ಲ. ತಿಳಿಯದು ಎಂದನಲ್ಲ, ಆಗ ನನ್ನೊಳಗೆ ಬಿಗಿದಿದ್ದ ಏನೋ ಸಡಿಲಿತು. ಕ್ಷಮೆಯೋ, ದಣಿವೋ, ಇನ್ನೊಬ್ಬರೂ ನನ್ನ ಹಾಗೇ ದಾರಿ ತಪ್ಪಿದ್ದಾರೆಂಬ ಸಮಾಧಾನವೋ, ಈಗಲೂ ಹೆಸರಿಡಲಾರೆ. ಗಂಗವ್ವ ಚಹಾ ತಂದಳು. ಮೂವರೂ ಕುಡಿದೆವು. ಏಳುವಾಗ, ಜೋಡಿಸಿಟ್ಟ ಮಾತುಗಳೆಲ್ಲ ಬಿಟ್ಟು, “ಸೋಮವಾರ ಆ ಜಾಗಾ ನನಗ ತೋರಿಸ್ತೀಯೇನು?” ಎಂದು ಕೇಳಿದೆ. ಅವನು ಹೆಂಡತಿಯ ಮುಖ ನೋಡಿದ. ಅವಳೇ ಉತ್ತರ ಕೊಟ್ಟಳು: “ಬರ್ತಾರ್ರಿ. ಹೋಗೂಣು, ನಾನೂ ಬರ್ತೇನಿ.”

ಸಂಜೆಯ ಪೂಜೆಯಲ್ಲಿ, ಹೊಸ ಬೆಂಕಿಯಿಂದ ಹಚ್ಚಿದ ಮೇಣದಬತ್ತಿಗಳನ್ನು ನಮ್ಮ ಕೈಗೆ ಹಿಡಿಸಿ ಫಾದರ್ ಎಲ್ಲರನ್ನೂ ಕೇಳುತ್ತಾರೆ, ನೀವು ವಿಶ್ವಾಸಿಸುತ್ತೀರೋ ಎಂದು. ಪ್ರತಿವರ್ಷ ಎಲ್ಲರ ದನಿಯೊಳಗೆ ನನ್ನದನ್ನೂ ಸೇರಿಸಿ ಸಲೀಸಾಗಿ ಹೌದೆನ್ನುತ್ತಿದ್ದೆ. ಈ ಸಲ ಪ್ರಶ್ನೆ ಕೇಳಿದ್ದು ಫಾದರೋ, ತನ್ನ ಮಾತು ನಂಬುತ್ತೀರಾ ಎಂದು ಈರಪ್ಪನೋ ತಿಳಿಯದೆ ಗೊಂದಲವಾಗಿ, ಉಳಿದವರಿಗಿಂತ ಒಂದು ಕ್ಷಣ ತಡವಾಗಿ ಹೌದೆಂದೆ. ಪಕ್ಕದವರು ತಿರುಗಿ ನೋಡಿದರು.

ಸೋಮವಾರ ಮೂವರೂ ಜೋಯಿಡಾ ಬಸ್ಸಿನಲ್ಲಿ ಹೋಗಿ ಆ ತಿರುವಿನ ಬಳಿ ಇಳಿದೆವು. ನಾನು ಅದನ್ನು ಕಂಡದ್ದು ಅದೇ ಮೊದಲು. ಏನಿರುತ್ತದೆ? ಡಾಂಬರು, ಎರಡೂ ಕಡೆ ಬಿದಿರು, ಮೇಲೆ ತೇಗದ ಮರ. ಮಂಗಗಳೂ ಇದ್ದವು, ಅವು ನಮ್ಮ ಸೀಮೆಯ ಯಾವ ತಿರುವಿನಲ್ಲಿಲ್ಲ? ನಾನು ಮಂಡಿಯೂರಿ ಪ್ರಾರ್ಥಿಸಿದೆ. ಗಂಗವ್ವ ಸೆರಗಿನಿಂದ ವಿಭೂತಿಯ ತುಣುಕು ತೆಗೆದು ರಸ್ತೆಯ ಅಂಚಿನ ಕಲ್ಲಿಗೆ ಮೂರು ಬೆರಳಿನ ಗೆರೆ ಎಳೆದಳು. ಈರಪ್ಪ ದೂರದಲ್ಲಿ ನಿಂತೇ ಇದ್ದ.

ಮರಳುವ ಬಸ್ಸಿನಲ್ಲಿ ಅವನಿಗೆ ನನ್ನ ಪಕ್ಕವೇ ಜಾಗ ಸಿಕ್ಕಿತು. ಬಸ್ಸು ತಿರುವು ಹೊಕ್ಕಾಗಲೆಲ್ಲ ಅವನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಬಲವಾಗಿ ತುಳಿಯುತ್ತಿತ್ತು, ಕೈ ಮುಂದಿನ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಮೂರನೆಯ ತಿರುವಿನಲ್ಲಿ ನಾನು ಆ ಕೈಯ ಮೇಲೆ ಕೈಯಿಟ್ಟೆ.

“ನಿಧಾನ ಹೊಂಟೈತಿ ಈರಪ್ಪಾ,” ಎಂದೆ. “ಅಂಜಬ್ಯಾಡ.”