ಡಿಸ್ಟೆನ್ಸ್ ಸ್ಕ್ರೂ ಮತ್ತು ನನ್ನ ಹೊಟ್ಟೆಕಿಚ್ಚು

ನಿವೃತ್ತಿಗೆ ಎರಡೇ ವರ್ಷ ಬಾಕಿಯಿದ್ದಾಗ ನಾನು ದೆಹಲಿಯ ಆರ್.ಕೆ.ಪುರಂನಲ್ಲಿ ಕಟ್ಟಡ ದುರಸ್ತಿ ನೋಡಿಕೊಳ್ಳುವ ಅಸಿಸ್ಟೆಂಟ್ ಇಂಜಿನಿಯರ್ ಆಗಿದ್ದೆ. ಅಲ್ಲೊಂದು ಹಳೆಯ ಸಭಾಂಗಣದ ಗೋಡೆಗಳಿಗೆ ಪ್ರತಿಧ್ವನಿ ತಗ್ಗಿಸುವ ಮರದ ಪ್ಯಾನೆಲ್ ಹಾಕುವ ಕೆಲಸ ಬಂತು. ಪ್ಯಾನೆಲ್ಲಿನ ಹಿಂದೆ ಎಲ್ಲ ಕಡೆಯೂ ಐವತ್ತು ಮಿಲಿಮೀಟರ್ ಜಾಗ ಇರಬೇಕು.

ಸೊಟ್ಟ ಗೋಡೆಯಲ್ಲಿ ಪ್ಯಾನೆಲ್ ಕೂರಿಸುವ ಮರದ ಪಟ್ಟಿಯ ಹಿಂದೆ ಚಕ್ಕೆ ತುರುಕಿ ಮಟ್ಟ ತರುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹಾಗೆಂದು ನಾನೇ ಹೇಳಿಕೊಳ್ಳುತ್ತಿದ್ದೆ. ಆಗ ಹುಬ್ಬಳ್ಳಿಯಿಂದ ಬಂದಿದ್ದ ಜೂನಿಯರ್ ಇಂಜಿನಿಯರ್ ಶಿಲ್ಪಾ ಡಿಸ್ಟೆನ್ಸ್ ಸ್ಕ್ರೂ ತರಿಸಿದಳು. ಅದರ ತುದಿಯ ಥ್ರೆಡ್ ಗೋಡೆಯನ್ನು ಹಿಡಿಯುತ್ತದೆ, ತಲೆಯ ಬಳಿಯದು ಪಟ್ಟಿಯನ್ನು. ತಿರುಗಿಸಿದಂತೆ ನಡುವಿನ ಅಂತರ ಹೆಚ್ಚು ಕಡಿಮೆಯಾಗುತ್ತದೆ. ನಾನು ಇಡೀ ದಿನ ಒದ್ದಾಡುವ ಸಾಲನ್ನು ಅವಳು ಒಂದು ಗಂಟೆಯಲ್ಲಿ ಮುಗಿಸಿದಳು. ಇಪ್ಪತ್ತು ವರ್ಷ ನನ್ನ ಜೊತೆಗಿದ್ದ ಬಡಗಿ ರಾಮ್‌ಫಲ್ ಕೂಡ, "ಮೇಡಂಜೀ ಕಾ ಕಾಮ್ ಬಡಿಯಾ ಹೈ, ಸಾಬ್," ಎಂದು ಅವಳ ಕೆಲಸವನ್ನು ಹೊಗಳಿದ. ನನ್ನ ಹೊಟ್ಟೆ ಉರಿದುಹೋಯಿತು.

ಸೋಮವಾರ ಒಬ್ಬನೇ ಹೋಗಿ ಗೋಡೆ ಬಡಿದು ನೋಡಿದೆ. ಟೊಳ್ಳು ಸದ್ದು. ಪ್ರತಿ ದುರಸ್ತಿಯಲ್ಲೂ ಹಳೆಯ ಗಿಲಾವು ಕೀಳದೆ ಅದರ ಮೇಲೇ ಹೊಸದನ್ನು ಬಳಿದಿದ್ದರು. ಸ್ವಿಚ್‌ಬೋರ್ಡ್ ಕಿತ್ತ ಜಾಗದಲ್ಲಿ ಗಿಲಾವಿನ ದಪ್ಪ ಅಳೆದೆ, ಅರವತ್ತು ಮಿಲಿಮೀಟರ್. ಶಿಲ್ಪಾಳ ಸ್ಕ್ರೂ ಇಟ್ಟಿಗೆಯನ್ನು ಮುಟ್ಟಿಯೇ ಇರಲಿಲ್ಲ. ಪ್ಯಾನೆಲ್ಲಿನ ಭಾರ ಬಿದ್ದರೆ ಸಾಲಿಗೆ ಸಾಲೇ ಕಿತ್ತು ಕೆಳಗಿದ್ದವರ ತಲೆಯ ಮೇಲೆ ಬೀಳುತ್ತಿತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಶುಕ್ರವಾರ ದೊಡ್ಡ ಸಾಹೇಬರ ತಪಾಸಣೆ. ಅವರೆದುರಿಗೇ ಅವಳ ಜಾಣತನ ಬಯಲಾಗಲಿ ಎಂದುಕೊಂಡೆ.

ಗುರುವಾರ ಮೊದಲ ಪ್ಯಾನೆಲ್ ಏರಿತು. ರಾಮ್‌ಫಲ್ ಏಣಿಯ ಮೇಲಿದ್ದ. ಶಿಲ್ಪಾ ಪ್ಯಾನೆಲ್ಲಿನ ಕೆಳಗೇ ನಿಂತು ಮಟ್ಟ ನೋಡುತ್ತಿದ್ದಳು. ಅವಳ ಹೆಗಲ ಮೇಲೆ ಗಿಲಾವಿನ ಪುಡಿ ಉದುರಿತು.

"ಶಿಲ್ಪಾ, ಈಚೆ ಬಾ. ರಾಮ್‌ಫಲ್, ಉತಾರೋ," ಎಂದು ಕೂಗಿದೆ.

ಪ್ಯಾನೆಲ್ ಇಳಿಸಿದ ಮೇಲೆ ಪಟ್ಟಿಯನ್ನು ಕೈಯಲ್ಲೇ ಎಳೆದೆ. ಸ್ಕ್ರೂ ಗಿಲಾವಿನ ಸಮೇತ ಕಿತ್ತುಬಂತು. ಕಾರಣ ವಿವರಿಸಿದೆ.

"ನೀವು ಇರ್ಲಿಲ್ಲಾಂದ್ರೆ ಏನ್ ಗತಿ, ಸರ್," ಎಂದಳು. ಆಮೇಲೆ ಮೆಲ್ಲಗೆ, "ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು.

"ಸೋಮವಾರ."

ಅವಳು ಉದ್ದದ ಸ್ಕ್ರೂಗಳಿಗೆ ಆರ್ಡರ್ ಬರೆಯಲು ಕೂತಳು.

ತಿಳಿದದ್ದನ್ನು ಬಚ್ಚಿಡುವುದೂ ಕಳಪೆ ಕಾಮಗಾರಿಯೇ ಎಂಬುದನ್ನು ಅಷ್ಟು ವರ್ಷದ ನೌಕರಿಯ ಕೊನೆಯಲ್ಲಿ ಕಲಿತೆ. ಮರುದಿನ ಸಾಹೇಬರು ಕೆಲಸ ನಿಂತದ್ದೇಕೆ ಎಂದು ಕೇಳಿದಾಗ ಶಿಲ್ಪಾ, "ತಪ್ಪು ನನ್ನದು, ಪತ್ತೆ ಹಚ್ಚಿದವರು ಇವರು," ಎಂದಳು. ಸೋಮವಾರದ ಮಾತೆತ್ತಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಎತ್ತಿಯೇ ಎತ್ತುತ್ತಿದ್ದೆ. ಸ್ಕ್ರೂವಿನ ಮೇಲಿನ ಹೊಟ್ಟೆಕಿಚ್ಚು ಆರಿದರೂ ಅವಳ ಈ ದೊಡ್ಡ ಮನಸ್ಸಿನ ಮೇಲಿನದು ಇನ್ನೂ ಆರಿಲ್ಲ.